ಪಾರ್ವತೆಮ್ಮನ ಹೆಬ್ಬೆಟ್ಟು

ಪಾರ್ವತೆಮ್ಮನ ಹೆಬ್ಬೆಟ್ಟು ತನ್ನ ಕಿಸೆಯಲ್ಲೇ ಇದೆ ಎಂದು ಮೇಸ್ತ್ರಿ ಮಾಣಿಕಪ್ಪ ತಿಳಿದಿದ್ದ. ತಿಳಿಯದೆ ಏನು ಮಾಡಿಯಾನು? ಹನ್ನೆರಡು ವರ್ಷದ ಹಿಂದೆ ಅವಳನ್ನು ಯಾದಗಿರಿಯಿಂದ ಹೈದರಾಬಾದಿಗೆ ಕರೆತಂದವನು ಅವನೇ. ಮಾಧಾಪುರದಲ್ಲಿ ಏಳುತ್ತಿದ್ದ ಸಾಫ್ಟ್‌ವೇರ್ ಕಟ್ಟಡದಲ್ಲಿ ದಿನಾ ಕೆಲಸ ಕೊಡುತ್ತಿದ್ದವನೂ ಅವನೇ. ಈಗ ಕೂಲಿಕಾರರ ಬಸ್ತಿಯ ಸರ್ಕಾರಿ ಶಾಲೆಗೆ ಹೊಸ ಕೋಣೆ ಕಟ್ಟಿದವನೂ ಅವನೇ. ಕೋಣೆ ಸರಿಯಾಗಿದೆ ಎಂದು ತಾಯಂದಿರ ಸಮಿತಿಯ ಅಧ್ಯಕ್ಷೆ ಹೆಬ್ಬೆಟ್ಟು ಒತ್ತಿಬಿಟ್ಟರೆ ಮುಗಿಯಿತು. ಅಧ್ಯಕ್ಷೆ ಪಾರ್ವತೆಮ್ಮ.

ಅವಳನ್ನು ಅಧ್ಯಕ್ಷೆ ಮಾಡಿದ್ದು ಶ್ರೀವಿದ್ಯಾ. ಹೈದರಾಬಾದಿನದೇ ತಾರ್ನಾಕದ ಈ ಹುಡುಗಿ ಸರ್ಕಾರಿ ಶಾಲೆಗಳನ್ನು ಸುಧಾರಿಸಲು ಹೊರಟ ಒಂದು ಸಂಸ್ಥೆಯವಳು. ಹನ್ನೊಂದು ಗಂಟೆಗೆ ಸಭೆ ಕರೆದು, ಖಾಲಿ ಬೆಂಚುಗಳಿಗೆ ಭಾಷಣ ಮಾಡಿ ಸುಸ್ತಾದ ಮೇಲೆ ಬುದ್ಧಿ ಬಂದು, ಬೆಳಿಗ್ಗೆ ಆರಕ್ಕೇ, ಕೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ಅಡ್ಡೆಗೆ ಬಂದು ನಿಲ್ಲತೊಡಗಿದಳು. ಬುತ್ತಿ ಹಿಡಿದು ನಿಂತ ತಾಯಂದಿರೊಡನೆ ಅಲ್ಲೇ ಸಭೆ. ಶಾಲೆ ನಿಮ್ಮದು, ಬಾಯಿ ಬಿಟ್ಟು ಕೇಳಿ ಎಂದು ಮೂರು ತಿಂಗಳು ಹೇಳಿದಳು. ಎಲ್ಲರೂ ತಲೆಯಾಡಿಸಿದರು, ಯಾರೂ ಏನೂ ಕೇಳಲಿಲ್ಲ.

ಶನಿವಾರ ಸರ್ಕಾರದ ಇಂಜಿನಿಯರ್ ಉಪೇಂದ್ರ ಒಪ್ಪಿಗೆಯ ಕಾಗದ ಹಿಡಿದು ಹೊಸ ಕೋಣೆಗೆ ಬಂದರು. ಮಾಣಿಕಪ್ಪ ಶಾಯಿಯ ಡಬ್ಬಿ ತೆರೆದ. ಪಾರ್ವತೆಮ್ಮ ಕೈ ಚಾಚಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈ ತೆಗೆದು, ಮಗಳು ಶಾಂಭವಿ ಕೂರಬೇಕಾದ ಮೂಲೆಯ ಗೋಡೆಯನ್ನು ಕೆರೆದಳು. ಪ್ಲಾಸ್ಟರ್ ಒಲೆಯ ಬೂದಿಯಂತೆ ಉದುರಿತು.

ಮಾಣಿಕಪ್ಪನ ಮುಖ ಕಪ್ಪಿಟ್ಟಿತು. ನಾಳೆಯಿಂದ ಕೆಲಸ ಬೇಡವೇನು ಎಂದು ಮೆಲ್ಲಗೆ ಕೇಳಿದ. ಅದರ ಅರ್ಥ ಪಾರ್ವತೆಮ್ಮನಿಗೆ ಗೊತ್ತಿತ್ತು. ಈ ಮೇಸ್ತ್ರಿ ಮುನಿದರೆ ಅಡ್ಡೆಯಲ್ಲಿ ಬೇರೆಯವರೂ ಕರೆಯುವುದಿಲ್ಲ. ಆದರೆ ಗೋಡೆಯ ವಿಷಯದಲ್ಲಿ ಅವಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

"ಕಂಪನಿ ಗ್ವಾಡಿಗೆ ದಿನಕ್ಕ ಮೂರು ಸಲ ನನ್ನ ಕೈಲೇ ನೀರು ಹೊಡಸ್ತೀರಿ ಅಣ್ಣಾರ. ಒಂದು ಸಲ ತಪ್ಪಿದ್ರ ಬೈತೀರಿ. ಈ ಗ್ವಾಡಿ ಒಂದಿನಾನೂ ನೀರು ಕಂಡಿಲ್ಲ. ಇಲ್ಲಿ ಕೂಡೋರು ನಮ್ಮ ಮಕ್ಕಳು ಅಂತೇನ್ರಿ?"

ಪ್ಲಾಸ್ಟರ್ ಪೂರಾ ಕಿತ್ತು ಹೊಸದಾಗಿ ಮಾಡಬೇಕೆಂದು ಹೇಳಿ ಉಪೇಂದ್ರ ಕಾಗದ ಮಡಚಿದರು. ಮರುದಿನದಿಂದ ಪಾರ್ವತೆಮ್ಮನಿಗೆ ಮಾಧಾಪುರದ ಕೆಲಸ ತಪ್ಪಿತು. ಅವಳು ಅಳುತ್ತ ಕೂರಲಿಲ್ಲ. ಹೊಸ ಪ್ಲಾಸ್ಟರ್ ಬಿದ್ದ ಮೇಲೆ, ಅದು ಗಟ್ಟಿಯಾಗಲೆಂದು ನೀರು ಹೊಡೆಯಲು ಕೊಡ ಎತ್ತಿಕೊಂಡು ಶಾಲೆಗೆ ನಡೆದಳು. ಅಡ್ಡೆಗೆ ಹೋಗುವ ಮುಂಚೆ, ಕೆಲಸ ಮುಗಿಸಿ ಬಂದ ಮೇಲೆ ಉಳಿದ ತಾಯಂದಿರೂ ಸರದಿಯ ಮೇಲೆ ಬಂದರು. ಕೊಡ ಹಿಡಿದ ಶ್ರೀವಿದ್ಯಾ ಗೋಡೆಗಿಂತ ಹೆಚ್ಚು ತಾನೇ ತೊಯ್ದಳು.

ಹತ್ತು ದಿನದ ಮೇಲೆ ಉಪೇಂದ್ರ ಮತ್ತೆ ಬಂದಾಗ, ಮಾಣಿಕಪ್ಪನ ಎದುರೇ ಪಾರ್ವತೆಮ್ಮ ಅದೇ ಬೀಗದ ಕೈಯಿಂದ ಗೋಡೆ ಕೆರೆದಳು. ಒಂದು ಕಾಳೂ ಉದುರಲಿಲ್ಲ. ಆಗ ಅವಳೇ ಶಾಯಿ ಕೇಳಿ ಹೆಬ್ಬೆಟ್ಟು ಒತ್ತಿದಳು. ಕಾಗದದ ಮೇಲೆ ಬರೀ ಒಂದು ನೀಲಿ ಮಚ್ಚೆ ಮೂಡಿತು. ಗೆರೆಗಳೇ ಇಲ್ಲವಲ್ಲ, ಇದು ಯಾರದೆಂದು ನಂಬುವುದು ಎಂದು ಉಪೇಂದ್ರ ಹುಬ್ಬು ಗಂಟಿಕ್ಕಿದರು.

"ಅಕೀದೇ ಐತ್ರಿ ಸಾಹೇಬ್ರ," ಎಂದ ಮಾಣಿಕಪ್ಪ. "ಹನ್ನೆರಡು ವರ್ಷ ನನ್ನ ಸಿಮಿಟ್ ಕಲಸಿ ಸವದೈತಿ. ನಾ ಸಾಕ್ಷಿ."

ಆಮೇಲೆ ಅವಳ ಮುಖ ನೋಡದೆ, ನಾಳೆ ಆರಕ್ಕೇ ಕೆಲಸಕ್ಕೆ ಬಾ ಎಂದ. ಪಾರ್ವತೆಮ್ಮನಿಗೆ ಹೋದ ಜೀವ ಬಂದಂತಾಯಿತು. ಆದರೂ ಬೆರಳು ಸೆರಗಿಗೆ ಒರೆಸಿಕೊಳ್ಳುತ್ತ, ಆರಕ್ಕೆ ಅಡ್ಡೆಯಲ್ಲಿ ಸಭೆ ಇದೆ, ಮುಗಿಸಿಕೊಂಡು ಏಳಕ್ಕೆ ಬರುತ್ತೇನೆ ಎಂದಳು.