ಬೇಗ ತುಂಬುವ ಬ್ಯಾಟರಿ

“ನಲವತ್ತೇ ನಿಮಿಷ, ಮೇಡಂ! ಹೋದ ವರ್ಷ ಒಂದೂವರೆ ಗಂಟೆ ಹಿಡೀತಿತ್ತು,” ಎಂದು ದರ್ಜಿ, ಆಸ್ಪತ್ರೆಯ ಟೆಕ್ನಿಷಿಯನ್ ಹುಡುಗಿಯ ಮುಂದೆ ನೋಟ್‌ಬುಕ್ ತೆರೆದಿಟ್ಟ. ಚಾರ್ಜಿಗೆ ಹಚ್ಚಿದ ಹೊತ್ತು, ತುಂಬಿದ ಹೊತ್ತು, ಎಲ್ಲವೂ ಗಿರಾಕಿಗಳ ಅಳತೆ ಬರೆಯುವ ಅದೇ ದುಂಡು ಅಕ್ಷರದಲ್ಲಿ.

ಅವನ ಹೆಂಡತಿಯ ಸೊಂಟದ ಹಿಂದೆ, ಚರ್ಮದ ಒಳಗೆ, ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವೊಂದಿದೆ. ಕಾಲಿನ ನರದ ನೋವನ್ನು ಬೆನ್ನುಹುರಿಯಲ್ಲೇ ತಡೆಯುವುದು ಅದರ ಕೆಲಸ. ತಂತಿ ಚುಚ್ಚುವ ಗೋಜಿಲ್ಲ. ವಾರಕ್ಕೊಮ್ಮೆ ಚರ್ಮದ ಮೇಲೆ ಒಂದು ಬಿಲ್ಲೆ ಒತ್ತಿ ಕೂತರೆ ಒಳಗಿನ ಬ್ಯಾಟರಿ ತುಂಬುತ್ತದೆ. ಬಿಲ್ಲೆ ಜಾರದಂತೆ ಕಟ್ಟಿಕೊಳ್ಳಲು ಕಂಪನಿ ಕೊಟ್ಟ ಬೆಲ್ಟು ಅವಳಿಗೆ ಒತ್ತುತ್ತಿತ್ತೆಂದು ದರ್ಜಿ ತಾನೇ ಮೆತ್ತನೆಯ ಬಟ್ಟೆಯಲ್ಲಿ ಒಂದನ್ನು ಹೊಲಿದಿದ್ದ. ಅಂದಿನಿಂದ ಹೊತ್ತು ಕಡಿಮೆಯಾಗುತ್ತಲೇ ಬಂದಿತ್ತು. ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

“ಎಲ್ಲಾ ಈ ಬೆಲ್ಟಿನ ಮಹಿಮೆ. ನಿಮ್ಮ ಕಂಪನಿಯವರಿಗೆ ಬೇಕಾದ್ರೆ ಅಳತೆ ಕೊಡ್ತೀನಿ.”

“ಸಾಕು ಬಿಡ್ರೀ. ದಾರೀಲಿ ಹೋಗೋರಿಗೂ ಇದೇ ಪುರಾಣ,” ಎಂದಳು ಹೆಂಡತಿ, ಮಗ್ಗುಲಾಗಿ ಮಲಗಿದ್ದಲ್ಲಿಂದಲೇ.

ಹುಡುಗಿ ನಕ್ಕು, ಅಂಗೈಯಗಲದ ರೀಡರನ್ನು ಅವಳ ಸೊಂಟಕ್ಕೆ ಹಿಡಿದಳು. ಒಳಗಿನ ಯಂತ್ರ ಒಂದು ವರ್ಷದ ಸಮಾಚಾರವನ್ನೆಲ್ಲ ಪರದೆಯ ಮೇಲೆ ಸುರಿಯಿತು. ನೋಡುತ್ತ ನೋಡುತ್ತ ಹುಡುಗಿಯ ನಗು ಇಳಿಯಿತು.

“ಬೆಲ್ಟನ್ನ ಈ ಮಧ್ಯೆ ಬಿಗಿ ಮಾಡಿದ್ರಾ ಅಂಕಲ್?”

“ಎರಡು ಸಲ ಹುಕ್ಕು ಒಳಗೆ ಹಾಕ್ದೆ. ಎಲಾಸ್ಟಿಕ್ ಸರಿ ಇಲ್ಲ, ಬೇಗ ಜೋಲು ಬೀಳುತ್ತೆ.”

“ಎಷ್ಟು ಒಳಗೆ?”

“ಒಂದ್ಸಲ ಎರಡಿಂಚು. ಆಮೇಲೆ ಮೂರು...”

“ಬಿಲ್ಲೆಗೂ ಯಂತ್ರಕ್ಕೂ ನಡುವೆ ಇರೋದು ಇವರ ಮೈಯೇ ಅಲ್ವಾ? ಅದು ತೆಳ್ಳಗಾದಷ್ಟೂ ಬೇಗ ತುಂಬುತ್ತೆ. ಇವತ್ತೇ ಡಾಕ್ಟರಿಗೆ ತೋರಿಸಿ. ನಾನೇ ಚೀಟಿ ಬರೆದುಕೊಡ್ತೀನಿ.”

ಅಂಗಡಿಯ ಮೆಟ್ಟಿಲು ಹತ್ತುವ ಗಿರಾಕಿಯ ಎದೆ, ಸೊಂಟ, ತೋಳನ್ನೆಲ್ಲ ಕಣ್ಣಳತೆಯಲ್ಲೇ ಹೇಳಿಬಿಡುವ ಮನುಷ್ಯ ಅವನು. ಆಮೇಲೆ ಟೇಪು ಹಿಡಿದರೆ ಅರ್ಧ ಇಂಚೂ ಹೆಚ್ಚುಕಮ್ಮಿ ಬರುತ್ತಿರಲಿಲ್ಲ. ಕಟ್ಟಿಕೊಂಡ ಹೆಂಡತಿ ಕಣ್ಣೆದುರೇ ಐದಿಂಚು ಇಳಿದುಹೋಗಿದ್ದಳು, ಅವನು ಎಲಾಸ್ಟಿಕ್ಕನ್ನು ಬೈದುಕೊಂಡು ಕೂತಿದ್ದ. ಅವನು ಹೆಂಡತಿಯ ಕಡೆ ತಿರುಗಿದ.

“ನಿಂಗೆ ಗೊತ್ತಿತ್ತೇನೇ?”

“ಊಟ ಸೇರ್ತಿರ್ಲಿಲ್ಲ. ನೀವು ನೋಡಿದ್ರೆ ಅಷ್ಟು ಖುಷಿಯಾಗಿದ್ರಿ. ಹೇಗೆ ಹೇಳ್ಲಿ?”

ಮೂರು ವಾರ ಆ ಪರೀಕ್ಷೆ, ಈ ಪರೀಕ್ಷೆ ಎಂದು ಅಲೆದದ್ದಾಯಿತು. ಹೊಟ್ಟೆಯೊಳಗಿನ ಗಡ್ಡೆ ಕೈಮೀರಿ ಬೆಳೆದಿದೆ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದರು ಡಾಕ್ಟರು. ದರ್ಜಿ ತಲೆಯಾಡಿಸಿದ. ಹೊರಗೆ ಬಂದವನು ಹೆಂಡತಿಯನ್ನು ಬೆಂಚಿನ ಮೇಲೆ ಕೂರಿಸಿ, ಆ ಹುಡುಗಿಯನ್ನು ಹುಡುಕಿಕೊಂಡು ಹೋದ.

“ಮೇಡಂ, ಆ ಯಂತ್ರಾನ ಮೊದಲಿನ ಹಾಗೆ ನಿಧಾನ ಮಾಡೋಕಾಗುತ್ತಾ?”

“ನಿಧಾನ ಯಾಕೆ ಅಂಕಲ್?”

“ಆಗ ಒಂದೂವರೆ ಗಂಟೆ ಜೊತೇಲಿ ಕೂತಿರ್ತಿದ್ವಿ,” ಎಂದ ಅವನು. ಹುಡುಗಿ ಅವನ ಮುಖ ನೋಡಿದಳು.

“ಬಿಲ್ಲೆ ಕೆಳಗೆ ಬಟ್ಟೆ ಮಡಚಿಡಿ,” ಎಂದಳು. “ದೂರ ಆದಷ್ಟೂ ನಿಧಾನ ಆಗುತ್ತೆ. ಅವರಿಗೇನೂ ತೊಂದರೆ ಇಲ್ಲ.”

ಭಾನುವಾರ ಮಧ್ಯಾಹ್ನ ಅವಳನ್ನು ಮಂಚದ ಮೇಲೆ ದಿಂಬಿಗೆ ಒರಗಿಸಿ ಕೂರಿಸಿದ. ಹತ್ತಿಯ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಬಿಲ್ಲೆಯ ಕೆಳಗೆ ತೂರಿಸಿದ. ಐವತ್ತು ನಿಮಿಷ ಎಂದು ತೋರಿಸಿತು ಚಾರ್ಜರಿನ ಪರದೆ. ಇನ್ನೆರಡು ಮಡಿಕೆ ಸೇರಿಸಿದ. ಒಂದು ಗಂಟೆ ಹತ್ತು ನಿಮಿಷ.

ಅವಳು ಕೈಯನ್ನು ಹಿಂದಕ್ಕೆ ಒಯ್ದು ಬಟ್ಟೆಯನ್ನು ಮುಟ್ಟಿ ನೋಡಿದಳು. ಅವಳಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೈಯುತ್ತಾಳೇನೋ ಎಂದು ಅವನು ತಲೆ ತಗ್ಗಿಸಿದ.

“ಇನ್ನೊಂದು ಮಡಿಕೆ ಹಾಕ್ರೀ,” ಎಂದಳು.

ಅವನು ಹಾಕಿ, ಪಕ್ಕದಲ್ಲಿ ಕೂತ. ಕಿಟಕಿಯ ಬಿಸಿಲು ಆಗಿನ್ನೂ ನೆಲದ ಮೇಲಿತ್ತು. ಅದು ಎದುರಿನ ಗೋಡೆ ಹತ್ತುವವರೆಗೂ ಇಬ್ಬರೂ ಹಾಗೇ ಕೂತಿದ್ದರು.