ಬಾಯಿ ಬಿಡದ ನಿಂಬೆ

ಹಲ್ಲಿನ ಕ್ಲಿನಿಕ್ಕಿನಲ್ಲಿ ಮೀನಿನ ತೊಟ್ಟಿ ಇಡುವ ಯೋಚನೆ ಡಾಕ್ಟರಮ್ಮನದಲ್ಲ, ಅವರ ಅತ್ತೆಯದು. ಅತ್ತೆ ಮೂವತ್ತು ವರ್ಷ ಹೆಡ್‌ಮಿಸ್ ಆಗಿದ್ದವರು. ನಿವೃತ್ತರಾದ ಮೇಲೆ ಮನೆಯಲ್ಲಿ ಗದರಿಸಲು ಯಾರೂ ಸಿಗದೆ, ಸೊಸೆಯ ಕ್ಲಿನಿಕ್ಕಿಗೆ ಬಂದು ಬಾಗಿಲ ಪಕ್ಕದ ಮೇಜು ಹಿಡಿದು ಕೂತಿದ್ದರು. ಯಾರ ಸರದಿ ಯಾವಾಗ ಎಂದು ಬರೆದುಕೊಳ್ಳುವುದು ಅವರ ಕೆಲಸ. ಎದುರಿಗೆ ಎಂಟು ಕುರ್ಚಿ. ಒಳಗಿನ ಕೋಣೆಯಿಂದ ಡ್ರಿಲ್ಲಿನ ಸದ್ದು ಗುಂಯ್ ಎಂದಿತೋ, ಎಂಟರಲ್ಲಿ ಒಬ್ಬರಾದರೂ "ಒಂದು ಫೋನು, ಬಂದೆ" ಎಂದು ಎದ್ದು ಮೆಟ್ಟಿಲಿಳಿಯುತ್ತಿದ್ದರು. ಹಾಗೆ ಇಳಿದವರು ತಿರುಗಿ ಹತ್ತಿದ್ದನ್ನು ಅತ್ತೆ ಕಂಡಿರಲಿಲ್ಲ.

"ಇವರ ಕಣ್ಣಿಗೆ ಏನಾದ್ರೂ ಕೆಲಸ ಕೊಡ್ಬೇಕು ಕಣಮ್ಮಾ," ಎಂದರು ಅತ್ತೆ. "ಕಣ್ಣಿಗೆ ಕೆಲಸ ಇದ್ರೆ ಕಿವಿ ತೆಪ್ಪಗಿರತ್ತೆ."

ಹಾಗೆ ಬಂದದ್ದು ನಾಲ್ಕಡಿ ಉದ್ದದ ಗಾಜಿನ ತೊಟ್ಟಿ, ಒಂದು ರಾಶಿ ಕಲ್ಲು, ಹನ್ನೊಂದು ಸಿಕ್ಲಿಡ್ ಮೀನು.

"ಗಟ್ಟಿ ಜಾತಿ ಮೇಡಂ, ಸ್ವಲ್ಪ ಜಗಳಗಂಟ ಅಷ್ಟೇ," ಎಂದಿದ್ದ ಮೀನಂಗಡಿಯವನು. ಸ್ವಲ್ಪ ಎಂದದ್ದು ಅವನ ದೊಡ್ಡ ಮನಸ್ಸು. ಮೊದಲ ದಿನವೇ ಒಂದೊಂದು ಕಲ್ಲುಸಂದಿಗೂ ಒಬ್ಬೊಬ್ಬ ಯಜಮಾನ ಹುಟ್ಟಿಕೊಂಡ. ಮೈಯೆಲ್ಲ ನೀಲಿಯಾಗಿದ್ದ ಒಂದಕ್ಕೆ ರೋಗಿಗಳೇ ಸಾಹೇಬ ಎಂದು ಹೆಸರಿಟ್ಟರು, ಕಪ್ಪು ಪಟ್ಟೆಯದು ಕೈದಿಯಾಯಿತು. ಎಂಟು ಕುರ್ಚಿಗಳಲ್ಲಿ ನಾಲ್ಕು ಸಾಹೇಬನ ಕಡೆ, ನಾಲ್ಕು ಕೈದಿಯ ಕಡೆ. ಸರದಿ ಬಂದು ಹೆಸರು ಕೂಗಿದರೆ, "ತಡೀರಿ ತಡೀರಿ, ಇನ್ನೊಂದು ಸುತ್ತು ಆಗ್ಲಿ" ಎನ್ನುವ ಮಟ್ಟಕ್ಕೆ ಬಂತು.

ಆದರೆ ಡಾಕ್ಟರಮ್ಮನ ಜೀವವೆಲ್ಲ ನಿಂಬೆ ಎಂಬ ಮೀನಿನ ಮೇಲೆ. ಹಣ್ಣಾದ ನಿಂಬೆಯ ಬಣ್ಣ, ಬೆನ್ನಿನ ರೆಕ್ಕೆಗೆ ಕಾಡಿಗೆ ಎಳೆದಂಥ ಕಪ್ಪು ಅಂಚು. ಒಬ್ಬ ರೋಗಿ ಎದ್ದು ಇನ್ನೊಬ್ಬ ಕೂರುವಷ್ಟರಲ್ಲಿ ಅವರು ಓಡಿಬಂದು ತೊಟ್ಟಿಗೆ ಮೂಗು ಹಚ್ಚುತ್ತಿದ್ದರು. ನಿಂಬೆಯೂ ಗಾಜಿನ ಆಚೆ ಅದೇ ಜಾಗಕ್ಕೆ ಬಂದು ಬಾಲ ಆಡಿಸುತ್ತಿತ್ತು.

ಮೂರನೆಯ ತಿಂಗಳಲ್ಲಿ ನಿಂಬೆ ಊಟ ಬಿಟ್ಟಿತು.

ಒಂದು ದಿನವಲ್ಲ, ಎರಡು ದಿನವಲ್ಲ. ಕಾಳು ಉದುರಿಸಿದರೆ ಉಳಿದ ಹತ್ತೂ ಮುಗಿಬೀಳುತ್ತಿದ್ದವು. ನಿಂಬೆ ಮಾತ್ರ ಕಲ್ಲಿನ ಹಿಂದೆ ನಿಂತು, ತುಟಿ ಬಿಗಿಹಿಡಿದು, ಕಣ್ಣಷ್ಟೇ ಹೊರಳಿಸುತ್ತಿತ್ತು. ಎರಡು ವಾರ ಕಳೆಯುವ ಹೊತ್ತಿಗೆ ಗಲ್ಲದ ಕೆಳಗೆ ಸ್ಪಷ್ಟವಾಗಿ ಊತ ಕಾಣಿಸಿತು.

"ಬಾವು," ಎಂದರು ಡಾಕ್ಟರಮ್ಮ, ಮುಖ ಸಣ್ಣದು ಮಾಡಿಕೊಂಡು. "ನೋಡಿ ಅತ್ತೆ, ದವಡೆ ಊದಿದೆ, ಬಾಯಿ ಬಿಡ್ತಿಲ್ಲ, ಊಟ ಸೇರ್ತಿಲ್ಲ. ಇಪ್ಪತ್ತೆರಡು ವರ್ಷದಿಂದ ಇದನ್ನೇ ನೋಡ್ತಾ ಇದೀನಿ, ನನಗೆ ಗೊತ್ತಾಗಲ್ವಾ?"

"ಮೀನನ್ನೂ ನಿನ್ನ ಕುರ್ಚೀಲಿ ಕೂರಿಸ್ತೀಯಾ?" ಎಂದರು ಅತ್ತೆ. ಸೊಸೆಯ ಕಣ್ಣಲ್ಲಿ ನೀರು ಕಂಡಮೇಲೆ ತಮಾಷೆ ನಿಲ್ಲಿಸಿ ಫೋನು ಕೈಗೆ ತೆಗೆದುಕೊಂಡರು. ಸಿಕ್ಲಿಡ್ ಸಾಕುವವರದ್ದೇ ಒಂದು ಫೋನಿನ ಗುಂಪಿದೆಯೆಂದು ಮೀನಂಗಡಿಯವನು ಹೇಳಿದ್ದ. ಆ ಬೆಳಗ್ಗೆಯೇ ಡಾಕ್ಟರಮ್ಮ ಅದರಲ್ಲಿ ಪ್ರಶ್ನೆ ಹಾಕಿದರು. ಮಧ್ಯಾಹ್ನದ ಊಟದ ಹೊತ್ತಿಗೆ ನಲವತ್ತು ಉತ್ತರ ಬಂದಿದ್ದವು. ಅತ್ತೆ ಕನ್ನಡಕ ಏರಿಸಿ, ಉತ್ತರಪತ್ರಿಕೆ ತಿದ್ದುವ ದನಿಯಲ್ಲಿ ಓದತೊಡಗಿದರು.

"ಅರ್ಧ ನೀರು ಬದಲಾಯಿಸಿ. ಹತ್ತಕ್ಕೆ ಐದು. ನೀರು ಮುಟ್ಟಲೇಬೇಡಿ. ಇವನಿಗೂ ಐದು, ಇಬ್ಬರಲ್ಲಿ ಒಬ್ಬ ಸರಿಯಿರ್ಬೇಕಲ್ಲ. ಬಟಾಣಿ ಸಿಪ್ಪೆ ಸುಲಿದು ಕೊಡಿ. ಬಾಯೇ ಬಿಡಲ್ಲ ಅಂತ ಬರೆದಿದ್ದೀವಿ ಕಣಯ್ಯಾ, ಪ್ರಶ್ನೆ ಓದ್ದೆ ಉತ್ತರ ಬರೆದಿದಾನೆ, ಸೊನ್ನೆ. ಉಪ್ಪು ಹಾಕಿ. ಎಷ್ಟು ಅಂತ ಬರೆದಿಲ್ಲ, ರುಚಿಗೆ ತಕ್ಕಷ್ಟೋ ಏನೋ!"

ಹತ್ತು ತಲೆ, ಹತ್ತು ಮಾತು. ಡಾಕ್ಟರಮ್ಮನ ತಲೆ ಕೆಟ್ಟು ಮೊಸರುಗಡಿಗೆಯಾಯಿತು. ನಲವತ್ತೊಂದನೆಯ ಉತ್ತರ ಮಾತ್ರ ಬೇರೆ ಥರ ಇತ್ತು: 'ಏನೂ ಮಾಡಬೇಡಿ. ವಿಳಾಸ ಕಳಿಸಿ. ಬಂದು ನೋಡ್ತೀನಿ.' ಬರೆದವರನ್ನು ಗುಂಪಿನವರೆಲ್ಲ ಮೀನಜ್ಜ ಎನ್ನುತ್ತಿದ್ದರು. ನಿವೃತ್ತ ಬಸ್ ಡ್ರೈವರು. ಮನೆಯಲ್ಲಿ ಹದಿನಾಲ್ಕು ತೊಟ್ಟಿ, ನಲವತ್ತು ವರ್ಷದ ಅನುಭವ. ಅವರು ಹೂಂ ಎಂದರೆ ಹೂಂ, ಊಹೂಂ ಎಂದರೆ ಊಹೂಂ ಎಂದು ಗುಂಪಿನಲ್ಲಿ ಮಾತು.

ಕೂಡಲೇ ವಿಳಾಸ ಹೋಯಿತು. ಹಲ್ಲಿನ ಕ್ಲಿನಿಕ್ಕು ಎಂದು ತಿಳಿದಮೇಲೆ ಮೀನಜ್ಜ ಎರಡು ದಿನ ಪತ್ತೆಯೇ ಇಲ್ಲ. ಕೊನೆಗೆ ಸೋಮವಾರ ಬೆಳಗ್ಗೆ ಬಂದರು. ಎತ್ತರದ ಆಳು, ಕೈಯಲ್ಲೊಂದು ಟಾರ್ಚು, ಸೆಕೆಯಲ್ಲೂ ಕುತ್ತಿಗೆಯಿಂದ ಕಿವಿಯವರೆಗೆ ಸುತ್ತಿದ ಮಫ್ಲರು. ಒಳಗಿನ ಕೋಣೆಯ ಕಡೆ ಕಣ್ಣು ಹಾಯಿಸದೆ, ಗೋಡೆಗೆ ಒತ್ತಿಕೊಂಡು ನಡೆದು ತೊಟ್ಟಿ ಸೇರಿದರು.

ಟಾರ್ಚು ಹಿಡಿದು ಐದು ನಿಮಿಷ ನೋಡಿದರು.

"ಊಟ ಬಿಟ್ಟು ಎಷ್ಟು ದಿನ ಆಯ್ತಮ್ಮಾ?"

"ಇವತ್ತಿಗೆ ಹತ್ತೊಂಬತ್ತು," ಎಂದರು ಡಾಕ್ಟರಮ್ಮ. "ಬಾವು ಒಡೆದು ನಂಜು ಏರಿದ್ರೆ ಅಂತ ಭಯ ನನಗೆ."

"ಬಾವೂ ಇಲ್ಲ, ಗೀವೂ ಇಲ್ಲ. ನಿಮ್ಮ ಹುಡುಗಿ ಬಾಯಲ್ಲಿ ಮರಿ ಇಟ್ಕೊಂಡಿದಾಳೆ."

"ಆಂ?"

"ಈ ಜಾತಿಯೇ ಹಾಗೆ. ಮೊಟ್ಟೆ ಇಟ್ಟ ಕೂಡ್ಲೇ ಬಾಯಿಗೆ ತುಂಬ್ಕೋತಾಳೆ. ಬಾಯೇ ತೊಟ್ಟಿಲು. ನುಂಗೋ ಹಾಗಿಲ್ಲ, ಉಗಿಯೋ ಹಾಗಿಲ್ಲ, ಮೂರು ವಾರ ಉಪವಾಸ. ನೋಡಿ, ಆಗಾಗ ಗಲ್ಲ ಅಲುಗಿಸ್ತಾಳಲ್ಲ? ಮರಿಗಳನ್ನ ಮಗ್ಗುಲು ಬದಲಾಯಿಸ್ತಾ ಇರೋದು."

ಡಾಕ್ಟರಮ್ಮ ಟಾರ್ಚು ಕಿತ್ತುಕೊಂಡು ನೋಡಿದರು. ಗಲ್ಲದ ತೆಳುಚರ್ಮದ ಒಳಗೆ ಎಳ್ಳಿನಂಥ ಕಪ್ಪು ಚುಕ್ಕಿಗಳು. ಕಣ್ಣುಗಳು! ಒಂದೆರಡಲ್ಲ, ಒಂದು ಹಿಡಿ. ಅವರು ಕೂಗಿದ ಕೂಗಿಗೆ ಒಳಗೆ ಕುರ್ಚಿಯಲ್ಲಿ ಮಲಗಿದ್ದ ರೋಗಿ ಅಲ್ಲಿಂದಲೇ "ಏನಾಯ್ತು ಡಾಕ್ಟ್ರೇ?" ಎಂದು ಹೆದರಿ ಕೇಳಿದ. "ಬಸುರಿ ರೀ, ಬಸುರಿ!" ಎಂದರು ಡಾಕ್ಟರಮ್ಮ. ಪಾಪ, ಆತ ಇನ್ನಷ್ಟು ಹೆದರಿದ.

ಮೀನಜ್ಜ ನಗಲು ಹೋಗಿ "ಹಾ" ಎಂದು ಕೆನ್ನೆ ಹಿಡಿದರು. ಮಫ್ಲರು ಜಾರಿತು. ಬಲಗೆನ್ನೆ ಬನ್ನಿನ ಹಾಗೆ ಊದಿತ್ತು.

ಡಾಕ್ಟರಮ್ಮನ ಕಣ್ಣು ಮೀನಿನಿಂದ ಮೀನಜ್ಜನಿಗೆ ತಿರುಗಿತು. "ಊಟ ಬಿಟ್ಟು ಎಷ್ಟು ದಿನ ಆಯ್ತು?"

"ನನಗೇನಾಗಿದೆ? ಗಾಳಿ ಹೊಡೆದಿದೆ, ಅಷ್ಟೇ."

"ನೀವೂ ಬಾಯಲ್ಲಿ ಮರಿ ಇಟ್ಕೊಂಡಿದೀರಾ ಹೇಗೆ?" ಎಂದರು ಅತ್ತೆ.

ಎಂಟೂ ಕುರ್ಚಿ ಗೊಳ್ಳೆಂದವು. ಹೆಡ್‌ಮಿಸ್ಸಿನ ಮುಂದೆ ಸುಳ್ಳು ನಡೆಯಲಿಲ್ಲ. ನಾಲ್ಕು ದಿನದಿಂದ ಬರೀ ಗಂಜಿ, ಮೂವತ್ತೈದು ವರ್ಷದಿಂದ ಹಲ್ಲಿನ ಡಾಕ್ಟರ ಮುಖ ನೋಡಿದ್ದಿಲ್ಲ, ಗುಡ್ಡದ ತಿರುವಿನಲ್ಲಿ ಬ್ರೇಕಿಲ್ಲದ ಬಸ್ಸು ಓಡಿಸೆಂದರೂ ಓಡಿಸಿಯಾರು, ಆ ಕುರ್ಚಿಯಲ್ಲಿ ಮಾತ್ರ ಕೂರಲಾರರು; ಎಲ್ಲ ಹೊರಬಿತ್ತು.

"ಜಗತ್ತಿಗೆಲ್ಲ ಸಲಹೆ ಕೊಡ್ತೀರಿ. ಹೇಳೋದು ಆಚಾರ, ತಿನ್ನೋದು ಬದನೇಕಾಯಿ!" ಎಂದು ಅತ್ತೆ ಪುಸ್ತಕದಲ್ಲಿ ಗುರುವಾರ ಹತ್ತು ಗಂಟೆಗೆ ಅವರ ಸರದಿ ಬರೆದೇಬಿಟ್ಟರು. ಡಾಕ್ಟರಮ್ಮ ಊತ ಇಳಿಯಲು ಮಾತ್ರೆ ಕೊಟ್ಟರು. "ನೋಡೋಣ" ಎಂದು ಮೀನಜ್ಜ ಮೆಟ್ಟಿಲಿಳಿದರು.

ಗುರುವಾರ ಬಂದರು. ಸರದಿಗಲ್ಲವಂತೆ, ನಿಂಬೆಗಂತೆ. ತೋಳಲ್ಲಿ ಒಂದು ಪುಟ್ಟ ತೊಟ್ಟಿ ಇತ್ತು. "ಈ ರೌಡಿಗಳ ಮಧ್ಯೆ ಮರಿ ಬಿಟ್ರೆ ಒಂದೇ ತುತ್ತು. ಬೇರೆ ಮಾಡ್ಬೇಕು," ಎಂದರು. ದೊಡ್ಡ ತೊಟ್ಟಿಯ ನೀರನ್ನೇ ಪುಟ್ಟದಕ್ಕೆ ತುಂಬಿ, ಗಾಳಿಯ ಕೊಳವೆ ಇಳಿಬಿಟ್ಟು, ಒಂದು ಅಗಲದ ಡಬ್ಬಿಯನ್ನು ನೀರೊಳಗೆ ಹಿಡಿದು ಕಾದರು. ನಿಂಬೆ ತಾನಾಗಿ ಡಬ್ಬಿಯೊಳಗೆ ಬಂತು. ನಿದ್ದೆಹೋದ ಮಗುವನ್ನು ಎತ್ತಿಕೊಂಡಂತೆ ಅದನ್ನು ಪುಟ್ಟ ತೊಟ್ಟಿಗೆ ಸಾಗಿಸಿ, ಅತ್ತೆಯ ಮೇಜಿನ ಮೇಲಿಟ್ಟರು.

"ಆಯ್ತು. ಇನ್ನು ಬರ್ತೀನಿ."

"ಬರೋದು ಎಲ್ಲಿಗೆ? ಒಳಗೆ," ಎಂದರು ಅತ್ತೆ. ಆಗಲೇ ಬಾಗಿಲಿಗೆ ಅಡ್ಡ ನಿಂತಿದ್ದರು.

"ನಾನು ಹೋದಮೇಲೆ ಇವಳನ್ನ ನೋಡ್ಕೊಳ್ಳೋರು ಯಾರು?"

"ನಾನಿದೀನಲ್ಲ. ಬಾಗಿಲು ತೆರೆದೇ ಇರಲಿ, ಇಲ್ಲಿ ಏನೇನಾಗತ್ತೋ ಕೂಗಿ ಹೇಳ್ತೀನಿ. ಹೋಗಿ ಕೂತ್ಕೊಳ್ಳಿ."

ಮೀನಜ್ಜ ಹೋಗಿ ಕೂತರು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು? ಕುರ್ಚಿ ಹಿಂದಕ್ಕೆ ವಾಲಿತು, ಎದೆಯ ಮೇಲೆ ನೀಲಿ ಕಾಗದದ ಹೊದಿಕೆ ಬಂತು, ಸೂಜಿ ಬಂತು. ಹೊರಗಿನಿಂದ ಅತ್ತೆಯ ವರದಿ ಶುರುವಾಯಿತು. "ಮೂಲೇಲಿ ನಿಂತಿದಾಳೆ. ರೆಕ್ಕೆ ಆಡಿಸಿದ್ಲು. ತಲೆ ಕೆಳಗೆ ಮಾಡಿದ್ಲು. ಡ್ರೈವರೇ, ಕೇಳ್ತಿದೀರಾ? ಗಲ್ಲ ಅಲುಗಿಸಿದ್ಲು."

ಮೀನಜ್ಜ ಕಣ್ಣು ಮುಚ್ಚಿ "ಹೂಂ" ಎನ್ನುತ್ತಿದ್ದರು. ನಾಲಿಗೆ, ತುಟಿ, ಕೆನ್ನೆ ಎಲ್ಲ ಮರಗಟ್ಟಿದವು. ಡಾಕ್ಟರಮ್ಮ ಇಕ್ಕುಳ ಎತ್ತಿಕೊಂಡರು.

"ಬಾಯಿ ಬಿಟ್ಲು!" ಅತ್ತೆಯ ದನಿ ಇಡೀ ಶಾಲೆಗೆ ಕೇಳಿಸುವಷ್ಟು ದೊಡ್ಡದಾಯಿತು. "ಬಂತು, ಒಂದು ಬಂತು! ಅಯ್ಯಯ್ಯೋ, ಎರಡು, ಮೂರು! ಬನ್ರೋ!"

ಇಪ್ಪತ್ತೆರಡು ವರ್ಷದಲ್ಲಿ ಡಾಕ್ಟರಮ್ಮ ರೋಗಿಯನ್ನು ಕುರ್ಚಿಯಲ್ಲಿ ಬಿಟ್ಟು ಓಡಿದ್ದು ಅದೇ ಮೊದಲು. ಆದರೆ ಬಿಟ್ಟು ಓಡಿದಂತಾಗಲಿಲ್ಲ, ರೋಗಿ ಅವರಿಗಿಂತ ಮುಂದಿದ್ದರು. ನೀಲಿ ಕಾಗದ ಹಾರಾಡಿಸುತ್ತ, ಬಾಯಲ್ಲಿ ಹತ್ತಿಯುಂಡೆ ಕಚ್ಚಿಕೊಂಡು ಮೀನಜ್ಜ ಮೇಜಿಗೆ ಬಂದು ಮಂಡಿಯೂರಿದರು. ಎಂಟು ಕುರ್ಚಿಗಳೂ ಖಾಲಿಯಾಗಿ ಮೇಜಿನ ಸುತ್ತ ಹೆಗಲಿಗೆ ಹೆಗಲು ತಾಗಿತು.

ನಿಂಬೆ ಬಾಯಿ ಅಗಲಿಸಿ ನಿಂತಿತ್ತು. ಅಕ್ಕಿಕಾಳಿಗಿಂತ ತುಸು ದೊಡ್ಡ ಮರಿಗಳು, ಅಷ್ಟರಲ್ಲೇ ತೆಳುಹಳದಿ, ಒಂದೊಂದಾಗಿ ತುಟಿಯ ಅಂಚಿಗೆ ಬಂದು, ಹೊರಗೆ ಇಣುಕಿ, ಚಿಮ್ಮುತ್ತಿದ್ದವು. ಹೊರಬಂದ ಒಂದು ಮರಿಗೆ ಏನೆನ್ನಿಸಿತೋ, ತಿರುಗಿ ಒಳಗೇ ನುಗ್ಗಿತು. ಮೀನಜ್ಜ ಮರಗಟ್ಟಿದ ನಾಲಿಗೆಯಲ್ಲಿ ಏನೋ ಕೂಗಿದರು. "ಘೈಯ್ ಯಾಘೂ ಹಾಘ್ಬೇಯಿ!"

"ಕೈ ಯಾರೂ ಹಾಕ್ಬೇಡಿ ಅಂತಿದಾರೆ," ಎಂದು ಅತ್ತೆ ಅರ್ಥ ಹೇಳಿದರು. ಮೂವತ್ತು ವರ್ಷ ಒಂದನೆಯ ತರಗತಿಯ ಮಕ್ಕಳ ಮಾತು ಕೇಳಿದ ಕಿವಿ ಅದು.

ಲೆಕ್ಕ ಯಾರದ್ದೂ ಕೂಡಲಿಲ್ಲ. ಅತ್ತೆ ಹತ್ತೊಂಬತ್ತೆಂದರು, ಡಾಕ್ಟರಮ್ಮ ಇಪ್ಪತ್ತೆರಡೆಂದರು, ದವಡೆಹಲ್ಲಿನ ನೋವಿಗೆ ಬಂದಿದ್ದ ಬ್ಯಾಂಕಿನವರು ನೋವು ಮರೆತು ಮೂರು ಸಲ ಎಣಿಸಿ ಮೂರು ಸಂಖ್ಯೆ ಹೇಳಿದರು. ಡಾಕ್ಟರಮ್ಮ ಅತ್ತೆಯನ್ನು ಅಪ್ಪಿಕೊಂಡು ಗರಗರ ತಿರುಗಿಸಿದರು. ಬಿಡೇ ಬಿಡೇ ಎನ್ನುತ್ತ ಅತ್ತೆಯೂ ಎರಡು ಸುತ್ತು ತಿರುಗಿದರು. ಮೀನಜ್ಜನಿಗಂತೂ ಸ್ವರ್ಗಕ್ಕೆ ಮೂರೇ ಗೇಣು. ಮನೆಯಲ್ಲಿ ಇಂಥ ಹೆರಿಗೆ ನೂರು ನೋಡಿದ್ದರೂ ಜೊತೆಗೆ ನಿಂತು ಕೂಗಾಡಲು ಇಷ್ಟು ಜನ ಸಿಕ್ಕಿದ್ದು ಇದೇ ಮೊದಲು. ಆ ಹುರುಪಿನಲ್ಲೇ ಯಾರೂ ಹೇಳದೆ ಹೋಗಿ ಕುರ್ಚಿಯಲ್ಲಿ ಕಾಲು ಚಾಚಿ ಮಲಗಿದರು. ಹಲ್ಲು ಕಿತ್ತುಬಂದದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಹಲ್ಲು ಕಿತ್ತಮೇಲೆ ತಣ್ಣಗಿನದು ತಿಂದರೆ ಒಳ್ಳೆಯದೆಂದು ಡಾಕ್ಟರಮ್ಮ ಕೆಳಗಿನ ಅಂಗಡಿಯಿಂದ ಐಸ್‌ಕ್ರೀಮ್ ತರಿಸಿದರು, ಒಬ್ಬರಿಗಲ್ಲ, ಕೋಣೆಯಲ್ಲಿದ್ದವರಿಗೆಲ್ಲ. ಬ್ಯಾಂಕಿನವರು ನೋವಿಲ್ಲದ ಕಡೆಯಿಂದ ತಿಂದರು. ಅತ್ತೆ ಬೆರಳ ತುದಿಯಲ್ಲಿ ನಾಲ್ಕು ಕಾಳು ತೆಗೆದು ಪುಟ್ಟ ತೊಟ್ಟಿಗೆ ಉದುರಿಸಿದರು. ನಿಂಬೆ ಒಂದು ಕ್ಷಣ ಯೋಚಿಸಿತು. ಆಮೇಲೆ ಬಾಯಿ ದೊಡ್ಡದಾಗಿ ತೆರೆದು, ಮೊದಲ ಕಾಳು ನುಂಗಿ, ಎರಡನೆಯದಕ್ಕೆ ಹಾರಿ, ಮೂರು ನಾಲ್ಕನ್ನು ಒಟ್ಟಿಗೇ ಬಾಚಿಕೊಂಡು, ಇನ್ನೂ ಬೇಕೆಂದು ಗಾಜಿಗೆ ಬಂದು ಗುದ್ದಿತು.

"ನಿಘಾನ ಘಣಮ್ಮಾ," ಎಂದರು ಮೀನಜ್ಜ, ತಮ್ಮ ಗಲ್ಲದಿಂದ ಐಸ್‌ಕ್ರೀಮ್ ಸೋರುತ್ತಿರುವುದರ ಪರಿವೆಯಿಲ್ಲದೆ.