ಬಸವನಹುಳುವಿಗೆ ಒಂದು ಹಿಡಿ ಮಣ್ಣು

ಜೈಲಿನಲ್ಲಿ ಕೂತ ಗಂಡಸು ಮನೆಯವರನ್ನು ಕಂಡ ಕೂಡಲೇ ಏನು ಕೇಳಬೇಕು? ಎತ್ತು ಹೇಗಿವೆ, ಬಿಳಿಜೋಳ ತೆನೆ ಹಿಡಿಯಿತೇ, ವಕೀಲ ಏನಂದ, ಇಂಥದ್ದು ಕೇಳಬೇಕು. ನನ್ನ ತಮ್ಮ ಸೂಗಪ್ಪ ಕೇಳಿದ್ದು ಮಣ್ಣು. ಅದೂ ಒಂದು ಬಸವನಹುಳುವಿಗೆ. ನನಗೆ ಮೈಯೆಲ್ಲ ಉರಿದುಹೋಯಿತು.

“ಮಸ್ಕಿಯಿಂದ ಬಂಡ್ಯಾಗ ಕುಂತು ಸೊಂಟ ಮುರಕೊಂಡು ಬಂದೀವಿ, ನಿನ್ನ ಮಾರಿ ನೋಡಾಕ. ನೀ ಹುಳದ ಸುದ್ದಿ ತಗದೀಯಲ್ಲೋ ಖೋಡಿ!” ಅಂದೆ.

“ಬೈಬ್ಯಾಡಕ್ಕ. ಅದೊಂದ ನನ್ನ ಜೋಡಿ ಇರೋದು,” ಅಂದ.

ಅವನ ಹೆಂಡತಿ ಕಸ್ತೂರೆಮ್ಮ ನನ್ನ ಪಕ್ಕದಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಅವಳಿಗೆ ಅಳು, ನನಗೆ ಸಿಟ್ಟು. ನಾವಿಬ್ಬರೂ ಹೀಗೇ. ಚಿಕ್ಕವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವಳು ನಾನು. ಅಂದಿನಿಂದ ಆ ಮನೆಯಲ್ಲಿ ಬೈಯುವ ಕೆಲಸ ನನ್ನದು, ಅಳುವ ಕೆಲಸ ಅವಳದು.

ತಮ್ಮ ಜೈಲಿಗೆ ಬಂದ ಕಥೆಯೂ ಅವನ ಹಾಗೆಯೇ. ಆ ವರ್ಷ ನಿಜಾಮ ಸರಕಾರದ ಮೇಲಿನ ಸಿಟ್ಟಿಗೆ ಊರೂರಲ್ಲಿ ಹೆಂಡ ಇಳಿಸುವ ಸಿಂದಿ ಗಿಡ ಕಡಿದರು. ಸಿಂದಿ ಗುತ್ತಿಗೆಯ ಹಣ ಸರಕಾರಕ್ಕೆ ಹೋಗುತ್ತಿತ್ತು, ಅದು ನಿಲ್ಲಲಿ ಎಂದು. ಸೂಗಪ್ಪನೂ ಕೊಡಲಿ ಹಿಡಿದು ಹೋದ. ಕಡಿದ ಮೇಲೆ ಜೊತೆಯವರೆಲ್ಲ ತುಂಗಭದ್ರೆ ದಾಟಿ ನಿಜಾಮನ ಕೈಗೆ ಸಿಗದ ಆಚೆ ಸೀಮೆ ಸೇರಿದರು. ಇವನು ಮಾತ್ರ, ಕೊಡಲಿ ಮನೆಯಲ್ಲಿಟ್ಟು ಬರುತ್ತೇನೆ ಎಂದು ಬಂದು ಪೊಲೀಸರ ಕೈಗೆ ಸಿಕ್ಕ. ಕೊಡಲಿ ನದಿಗೆ ಎಸೆದಿದ್ದರೆ ಆಗುತ್ತಿರಲಿಲ್ಲವೇ? ಹೊಸ ಕಾವು ಹಾಕಿಸಿದ್ದನಂತೆ.

ಲಿಂಗಸುಗೂರಿನ ದಂಡಿನ ಛಾವಣಿಯಲ್ಲಿ ಹಳೆಯ ಕಾಲದ ಕುದುರೆ ಲಾಯವೊಂದಿತ್ತು. ಸೆರೆಸಿಕ್ಕವರು ಹೆಚ್ಚಾಗಿ, ಅದಕ್ಕೇ ಕಂಬಿ ಜಡಿದು ಜೈಲು ಮಾಡಿದ್ದರು. ಇವನನ್ನು ತುದಿಯ ಕೋಣೆಯಲ್ಲಿ ಒಬ್ಬನನ್ನೇ ಹಾಕಿದ್ದರು. ಹಿಂಗಾರಿ ಮಳೆ ಬಿದ್ದಾಗ ಮೋರಿಯಿಂದ ಆ ಬಸವನಹುಳು ಹತ್ತಿ ಬಂತಂತೆ. ಒಡೆದ ಮಡಕೆಯ ತಳದಲ್ಲಿ ಇಟ್ಟುಕೊಂಡ. ಆದರೆ ಅಲ್ಲಿಯ ನೆಲ ಕುದುರೆ ಉಚ್ಚೆ ಕುಡಿದು ಸವಳಾಗಿತ್ತು. ಸಾಲದ್ದಕ್ಕೆ ಸುಣ್ಣ ಬೇರೆ ಚೆಲ್ಲಿದ್ದರು. ಆ ಮಣ್ಣು ಹಾಕಿದರೆ ಹುಳ ಮುದುಡಿ ಒಳಗೆ ಸೇರುತ್ತಿತ್ತು.

“ಮಣ್ಣಾಗ ಉಪ್ಪು ಇರಬಾರದು. ಗೊಬ್ಬರದ ಕಾವು ಇರಬಾರದು. ಬೂದಿ ಅಂತೂ ಸೋಕಲೇಬಾರದು,” ಎಂದು ಕಂಬಿಯಾಚೆಯಿಂದ ಹೇಳಿದ. ಹೇಳುವಾಗ ಅವನ ಕಣ್ಣಲ್ಲಿ ಮೊದಲಿನ ಕಳೆ ಬಂತು. ಹೊಲದಲ್ಲಿ ನಿಂತು ಇದು ಕರಿಯ ಎರಿ, ಇದು ಕೆಂಪು ಮಸಾರಿ ಎಂದು ತೋರಿಸುತ್ತಿದ್ದ ಹಳೆಯ ಸೂಗಪ್ಪನೇ. ಕಸ್ತೂರೆಮ್ಮ ಅದನ್ನು ಕಂಡಳು.

ಬಂಡಿ ಹತ್ತಿದ ಮೇಲೆ ಅವಳು ಅಂದಳು: “ಯಕ್ಕಾ, ಅದು ಬಸವಣ್ಣನ ಹೆಸರಿನ ಜೀವ. ತಾನಾಗೇ ಇವರ ಕಡಿ ಬಂದೈತಿ. ಅದು ಉಳೀತಂದ್ರ ಇವರೂ ಉಳಿದು ಮನೀಗೆ ಬರ್ತಾರ.”

“ಹುಚ್ಚೀ,” ಅಂದೆ. ಆದರೆ ಅವಳ ಮಾತು ನನ್ನ ಎದೆಯೊಳಗೂ ಹೋಗಿ ಕೂತಿತು.

ಊರಿಗೆ ಬಂದು ಮಣ್ಣು ಹುಡುಕಿದೆವು. ಹೊಲದ ಎರಿಮಣ್ಣು ಒಣಗಿದರೆ ಕಲ್ಲು, ನೆನೆದರೆ ಅಂಟು. ಹಳ್ಳದ ದಂಡೆಯ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿದೆ, ಥೂ, ಬರೀ ಉಪ್ಪು. ಹಿತ್ತಿಲಿನದು ತಿಪ್ಪೆಯ ಗೊಬ್ಬರ. ಕಡೆಗೆ ಬಾವಿಕಟ್ಟೆಯ ಹಿಂದೆ, ಅತ್ತಿಮರದ ಬುಡದಲ್ಲಿ ಎಲೆ ಕೊಳೆತು ಕರಗಿದ ಮಣ್ಣು ಸಿಕ್ಕಿತು. ತಂಪಾಗಿತ್ತು, ಹಿಡಿದರೆ ಉಂಡೆಯಾಗುತ್ತಿತ್ತು, ಬಿಟ್ಟರೆ ಉದುರುತ್ತಿತ್ತು. ಕಸ್ತೂರೆಮ್ಮ ಅದನ್ನು ಜರಡಿ ಹಿಡಿದು, ಇರುವೆ ಹೆಕ್ಕಿ, ಹರಳು ಆರಿಸತೊಡಗಿದಳು.

“ಮದುವಿ ಅಕ್ಕಿ ಹಸನು ಮಾಡಿದಂಗ ಮಾಡಾಕತ್ತೀಯಲ್ಲ, ಬೀಗರು ಯಾರು?” ಎಂದು ಕಾಡಿಸಿದೆ. ಆಗ ಅವಳು ನಕ್ಕಳು. ಗಂಡನನ್ನು ಹಿಡಿದುಕೊಂಡು ಹೋದ ಮೇಲೆ ನಾನು ಕಂಡ ಅವಳ ನಗು ಅದೊಂದೇ.

ಜೈಲಿನ ಬಾಗಿಲಲ್ಲಿ ಕಾವಲಿನ ಜವಾನ ಜಿಲಾನಿಸಾಬ್ ನಮ್ಮ ಮಣ್ಣಿನ ಗಂಟು ಬಿಚ್ಚಿ ಕಣ್ಣರಳಿಸಿದ. “ಎಲ್ಲಾರೂ ರೊಟ್ಟಿ ತರ್ತಾರ, ನೀವು ಮಿಟ್ಟಿ ತಂದೀರಿ! ಒಳಗ ಏನು ಹೂಳೀರಿ ಅಮ್ಮಾ?”

“ತೋಪು, ಬಂದೂಕು ಹೂಳೀವಿ. ಕೈ ಹಾಕಿ ನೋಡಪ್ಪ,” ಅಂದೆ.

ಅವನು ಬೆರಳಾಡಿಸಿ ನೋಡಿ ಒಳಗೆ ಬಿಟ್ಟ. ಒಳ್ಳೆಯ ಮನುಷ್ಯ. ಆಮೇಲಾಮೇಲೆ ನಾವು ಬಾಗಿಲಿಗೆ ಬರುವ ಮೊದಲೇ, “ನಿಮ್ಮ ಬಸವಣ್ಣ ಖುಷಿಯಾಗಿ ಅದಾನ್ರೀ, ಸೌತಿಕಾಯಿ ಸಿಪ್ಪಿ ತಿಂದಾನ,” ಎಂದು ವರದಿ ಕೊಡುತ್ತಿದ್ದ. ಹುಳ ಮೈತುಂಬಿಕೊಂಡಿತು. ತಮ್ಮ ಮಾತ್ರ ಇಳಿಯುತ್ತ ಹೋದ. ಮೊದಲು ಜ್ವರ, ಆಮೇಲೆ ಭೇದಿ. ಕಂಬಿ ಹಿಡಿದು ನಿಲ್ಲುತ್ತಿದ್ದವನು ಕೂತು ಮಾತಾಡತೊಡಗಿದ. ಬಿಡುಗಡೆಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಶಿವರಾತ್ರಿಗೆ ಕಸ್ತೂರೆಮ್ಮ ಉಪವಾಸ ಮಾಡಿ ಮಠಕ್ಕೆ ಹೋಗಿ ಬಂದಳು. ಅಯ್ಯನವರು ಮಂತ್ರಿಸಿ ಕೊಟ್ಟ ವಿಭೂತಿಗಟ್ಟಿಯನ್ನು ಪುಡಿಮಾಡಿ, ಬಾವಿಕಟ್ಟೆಯ ಮಣ್ಣಿಗೆ ಕಲಸಲು ಕೂತಳು. ಕೈತುಂಬ ಹಾಕಿದಳು. ನಾನು ನೋಡಿದೆ.

“ಬೂದಿ ಬ್ಯಾಡ ಅಂದಾನಲ್ಲಬೇ?” ಅಂದೆ.

ಎಂದೂ ನನಗೆ ಎದುರಾಡದವಳು ಸಿಡಿದೆದ್ದಳು. “ವಿಭೂತಿಗೆ ಬೂದಿ ಅಂತೀಯೇನು ಯಕ್ಕಾ? ನಾಲಿಗಿ ಬಿದ್ದೀತು! ಬೂದಿ ಒಲಿಯಾಗ ಇರತೈತಿ. ಇದು ಬಸವಣ್ಣನ ಹಣೀದು, ಬಸವಣ್ಣಗ ಹಾಕಾಕತ್ತೀನಿ.”

ಶಿವಶಿವಾ ಎಂದು ಗಲ್ಲ ಬಡಿದುಕೊಂಡೆ. ಅವಳು ಹೇಳಿದ್ದು ಸರಿಯಾಗಿಯೇ ಕಂಡಿತು. ನಾವು ಹುಟ್ಟಿದಾಗ ಹಚ್ಚಿದ್ದು ವಿಭೂತಿ, ಜ್ವರ ಬಂದರೆ ಬಾಯಿಗೆ ಹಾಕಿದ್ದು ವಿಭೂತಿ. ಅದು ಯಾರಿಗಾದರೂ ಕೇಡು ಮಾಡುತ್ತದೆ ಎಂದು ನಮಗೆ ಯಾಕೆ ಹೊಳೆಯಬೇಕು?

ಆ ಮಣ್ಣು ಕೊಟ್ಟು ಬಂದೆವು. ಮುಂದಿನ ಸಲ ಹೋದಾಗ ತಮ್ಮ ಹೆಂಡತಿಯನ್ನು ನೀರು ತರಲು ಕಳಿಸಿ, ನನ್ನನ್ನು ಕಂಬಿಯ ಹತ್ತಿರ ಕರೆದ. “ಅದು ಸತ್ತೈತಿ ಅಕ್ಕ. ಹೊಸ ಮಣ್ಣು ಹಾಕೀನಿ, ಹರಿದಾಡಿದ ಕೂಡ್ಲೇ ನೊರಿ ನೊರಿ ಬಿಟ್ತು. ಕುಡಿಯೋ ನೀರೆಲ್ಲಾ ಸುರುವಿ ತೊಳದೆ. ಉಳೀಲಿಲ್ಲ.”

ಕಸ್ತೂರೆಮ್ಮ ಹೋದ ದಾರಿಯ ಕಡೆ ತಿರುಗಿ ನೋಡಿದೆ.

“ಅಕಿಗೆ ಹೇಳಬ್ಯಾಡ. ಮಣ್ಣಾಗಿನ ವಿಭೂತಿ ಆಮ್ಯಾಲ ಕಂಡೆ, ಎಷ್ಟು ಭಕ್ತಿಯಿಂದ ಕಲಸ್ಯಾಳ. ನಿನ್ನ ಕಾಲಿಗೆ ಬೀಳ್ತೀನಿ, ಹೇಳಬ್ಯಾಡ,” ಅಂದ. ಕಂಬಿಯಿಂದ ಕೈ ಚಾಚಿ ನಿಜವಾಗಿಯೂ ನನ್ನ ಕಾಲು ಮುಟ್ಟಿದ.

ಕಸ್ತೂರೆಮ್ಮ ಬಂದಾಗ ಮಡಕೆಯ ತಳವನ್ನು ತೋರಿಸಿದ. ಚಿಪ್ಪು ಮಣ್ಣಿನಲ್ಲಿ ಅರ್ಧ ಹುದುಗಿತ್ತು, ಅದರ ಬಾಯಿಗೆ ತೆಳ್ಳಗೆ ಬಿಳಿಯ ಪೊರೆ. “ಬ್ಯಾಸಿಗಿ ಬಂತಲ್ಲ, ಬಾಗಲಾ ಹಾಕ್ಕೊಂಡು ಮಲಗೈತಿ. ಮಳಿ ಬಿದ್ದ ಕೂಡ್ಲೇ ತಗೀತೈತಿ,” ಅಂದ. ಅವಳು ಕೈಮುಗಿದಳು. ಪ್ರತಿ ಸಲವೂ ವಿಭೂತಿ ಕಲಸಿದ ಮಣ್ಣು ತಂದಳು. ಪ್ರತಿ ಸಲವೂ ಅವನು ಇಸಿದುಕೊಂಡು, ಅವಳ ಕಣ್ಣೆದುರಿಗೇ ಚಿಪ್ಪಿನ ಸುತ್ತ ಹರಡಿದ. ನಾನು ತುಟಿ ಕಚ್ಚಿಕೊಂಡು ನಿಂತಿರುತ್ತಿದ್ದೆ. ಎಂಥ ಸಂಕಟ ಅದು! ಬಾಯಿ ಬಿಡುವ ಹಾಗಿಲ್ಲ, ಬಿಡದೆ ಇರುವ ಹಾಗಿಲ್ಲ.

ಬಿಸಿಲು ಬಿರುಸಾದಾಗ ಸೂಗಪ್ಪ ಹೋದ. ಜಿಲಾನಿಸಾಬ್ ತಾನೇ ಬಂಡಿ ಮಾಡಿಸಿ ಹೆಣ ಮನೆಗೆ ಮುಟ್ಟಿಸಿದ. ಜೊತೆಗೆ ಒಂದು ಧೋತರ, ಒಂದು ತಂಬಿಗೆ, ಆ ಮಡಕೆಯ ತಳ. ನಮ್ಮಲ್ಲಿ ಹೂಳುವ ಪದ್ಧತಿ. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುವಾಗ ಕಸ್ತೂರೆಮ್ಮ ಬಾವಿಕಟ್ಟೆಯ ಮಣ್ಣು ತಂದು ಹಾಕಿದಳು. ಆಮೇಲೆ ಮಡಕೆಯನ್ನು ತಲೆಬಾಗಿಲ ಪಕ್ಕದಲ್ಲಿಟ್ಟಳು.

“ಇವರು ಬರಲಿಲ್ಲ. ಇದಾದರೂ ಹೊರಗ ಬರಲಿ ಯಕ್ಕಾ. ಒಂದು ಜೀವ ಆದರೂ ಉಳೀಲಿ,” ಅಂದಳು. ಉಣ್ಣು ಅಂದರೆ ಉಣ್ಣುತ್ತಿರಲಿಲ್ಲ, ಮಡಕೆಯನ್ನು ನೆರಳಿಗೆ ಸರಿಸುವುದನ್ನು ಮಾತ್ರ ಮರೆಯುತ್ತಿರಲಿಲ್ಲ. ಅವಳಿಗೆ ಬದುಕಲು ಉಳಿದದ್ದು ಅದೊಂದೇ ನೆಪ ಎಂದು ನನಗೆ ಗೊತ್ತಿತ್ತು. ಹಾಳಾದ ಆ ಮಳೆ ಬರುವುದೇ ಬೇಡ ಎಂದು ನಾನು ಬೇಡಿಕೊಂಡೆ. ಮಳೆ ಬೇಡ ಅಂದವರು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ಮುಂಗಾರು ಶುರುವಾಗಿ ಮಿರಗದ ಮಳೆ ಬಂದೇ ಬಂತು. ಬೆಳಿಗ್ಗೆ ಹೊರಗಿನಿಂದ ಅವಳು ಕೂಗಿದಳು. “ಯಕ್ಕಾ, ಲಗೂ ಬಾ! ಬಾಗಲಾ ತಗದಾನ! ಬಸವಣ್ಣ ಬಾಗಲಾ ತಗದಾನ!”

ಓಡಿದೆ. ಬಿಳಿಯ ಪೊರೆ ನೀರಿಗೆ ನೆನೆದು ಕಳಚಿತ್ತು. ಅವಳು ಸೌತೆಯ ಚೂರು ಹಿಡಿದು ಕೂತಳು. ಬಹಳ ಹೊತ್ತು ಕೂತಳು. ಆಮೇಲೆ ಚಿಪ್ಪನ್ನು ಎತ್ತಿ ಬೋರಲು ಮಾಡಿದಳು. ಮಳೆನೀರು ಸುರಿಯಿತು, ಬೇರೇನೂ ಇಲ್ಲ. ಅಂಚಿಗೆ ಅಂಟಿದ್ದ ಬಿಳಿಯ ಪೊರೆಯನ್ನು ಬೆರಳಲ್ಲಿ ತಿಕ್ಕಿ, ನಾಲಿಗೆಗೆ ಇಟ್ಟುಕೊಂಡಳು.

“ಯಕ್ಕಾ, ಇದು ಜೋಳದ ಗಂಜಿ.”

ನಾನು ಸುಮ್ಮನಿದ್ದೆ. ನಾನು ಸುಮ್ಮನಿರುವ ಹೆಂಗಸಲ್ಲ. ಅಷ್ಟರಲ್ಲೇ ಅವಳಿಗೆ ಎಲ್ಲ ತಿಳಿದುಹೋಯಿತು.

“ಬೂದಿ ಬ್ಯಾಡ ಅಂದಿದ್ರಲ್ಲ ಯಕ್ಕಾ,” ಅಂದಳು.

“ಜ್ವರಕ್ಕ ಸತ್ತಾನಬೇ ಅವನು, ಭೇದಿಗೆ ಸತ್ತಾನ. ಹುಳಕ್ಕೂ ಅವನಿಗೂ ಏನು ಸಂಬಂಧ? ಕೇಳಿಲ್ಲಿ, ನನ್ನ ಮಾರಿ ನೋಡು!” ಎಂದು ಭುಜ ಹಿಡಿದು ಅಲುಗಾಡಿಸಿದೆ. ಬೈದೆ, ಅತ್ತೆ. ಅವಳು ಅಳಲಿಲ್ಲ. ಅಳುವ ಕೆಲಸವೂ ಅಂದು ನನ್ನ ಪಾಲಿಗೇ ಬಂತು.

ಗಂಡ ಹೋದ ಮೇಲೆ ಅವಳ ಕುಂಕುಮ ಹೋಗಿತ್ತು, ಬಳೆ ಹೋಗಿದ್ದವು. ಹಣೆಗೆ ಉಳಿದದ್ದು ವಿಭೂತಿಯೊಂದೇ. ಮರುದಿನ ಜಳಕ ಮಾಡಿ ಬಂದು, ಗೋಡೆಯ ಗೂಡಿನಲ್ಲಿದ್ದ ಗಟ್ಟಿಯ ಮೇಲೆ ಬೆರಳಾಡಿಸಿದಳು. ಕೈ ಹಣೆಯವರೆಗೆ ಬಂದು ನಿಂತಿತು. ಬೆರಳನ್ನು ಸೆರಗಿಗೆ ಒರೆಸಿಕೊಂಡು, ಬರಿಹಣೆಯಲ್ಲೇ ಒಲೆಯ ಮುಂದೆ ಹೋಗಿ ಕೂತಳು.

ಆ ಮಳೆಗಾಲ ಮುಗಿಯುವ ಮೊದಲೇ ನಿಜಾಮ ಸೋತ. ಲಾಯದ ಬಾಗಿಲು ತೆರೆದು ಉಳಿದವರೆಲ್ಲ ಹೊರಗೆ ಬಂದರು, ನದಿಯಾಚೆಗೆ ಓಡಿದ್ದವರು ಹಾರ ಹಾಕಿಕೊಂಡು ಬಂದರು. ಮಠದ ಅಯ್ಯನವರು ಮನೆಮನೆಗೆ ಬಂದು ಹಣೆಗೆ ವಿಭೂತಿ ಹಚ್ಚಿದರು. ನಮ್ಮ ಬಾಗಿಲಿಗೂ ಬಂದರು.

“ಬ್ಯಾಡ್ರೀ ಅಯ್ಯನವರ,” ಎಂದು ಕಸ್ತೂರೆಮ್ಮ ಹಿಂದೆ ಸರಿದಳು.

“ಯಾಕವ್ವಾ?” ಅಂದರು.

ಅವಳು ನನ್ನ ಮುಖ ನೋಡಿದಳು. ನಾನು ಅಯ್ಯನವರಿಗೆ ನೀರು ತರುವ ನೆಪ ಮಾಡಿ ಒಳಗೆ ಹೋದೆ.